ಅಂಗಡಿ ಕೆಲಸಕ್ಕೆ ಕಾಲೇಜಿನ ಕ್ರೆಡಿಟ್: ಯಾವ ಗಂಟೆ ಲೆಕ್ಕಕ್ಕೆ ಬರುತ್ತದೆ?

ಹೇಮಾವತಿ_ದಂಡೆ:

ಎಲ್ಲರಿಗೂ ನಮಸ್ಕಾರ. ನಾನು ಹಾಸನದಲ್ಲಿ ಬಿ.ಕಾಂ. ನಾಲ್ಕನೇ ಸೆಮಿಸ್ಟರ್ ಓದುತ್ತಿದ್ದೇನೆ. 2024ರ ಬೇಸಿಗೆಯಲ್ಲಿ ಪಿ.ಯು.ಸಿ. ಮುಗಿದ ಕೂಡಲೇ ಬಸ್ ನಿಲ್ದಾಣದ ಹತ್ತಿರದ ಜವಳಿ ಅಂಗಡಿಯೊಂದಕ್ಕೆ ಕೆಲಸಕ್ಕೆ ಸೇರಿದೆ. ಸಂಜೆ ನಾಲ್ಕೂವರೆಯಿಂದ ಎಂಟೂವರೆಯವರೆಗೆ, ವಾರಕ್ಕೆ ಆರು ದಿನ ಹೋಗುತ್ತೇನೆ. ಮೊದಲ ಆರು ತಿಂಗಳು ಗಿರಾಕಿಗಳು ಬಿಚ್ಚಿ ನೋಡಿದ ಸೀರೆಗಳನ್ನು ಮಡಚಿಡುವುದೇ ಕೆಲಸವಾಗಿತ್ತು. ಈಗ ಬಿಲ್ಲಿಂಗ್ ಕೌಂಟರ್ ನನ್ನದು, ಮದುವೆ ಸೀಸನ್‌ಗೆ ಮೊದಲು ಸ್ಟಾಕ್ ಎಣಿಸುವುದೂ ನನ್ನದೇ. 2025ರ ಸೆಪ್ಟೆಂಬರ್ 22ರಂದು ಜಿ.ಎಸ್.ಟಿ. ದರಗಳು ಬದಲಾದಾಗ ಯಾವ ಮಾಲು ಯಾವ ದರಕ್ಕೆ ಬರುತ್ತದೆ ಎಂದು ಕಂಪ್ಯೂಟರ್‌ನಲ್ಲಿ ತಿದ್ದಲು ಮಾಲೀಕರು ನನ್ನನ್ನೇ ಕೂರಿಸಿದ್ದರು.

ಪದವಿಗೆ ಬೇಕಾದ ಕಲಿಕೆಯನ್ನು ಕಾಲೇಜು ಕ್ರೆಡಿಟ್ ಎಂಬ ಅಂಶಗಳಲ್ಲಿ ಎಣಿಸುತ್ತದೆ. ನಮ್ಮ ಪಠ್ಯಕ್ರಮದಲ್ಲಿ ನಾಲ್ಕು ಕ್ರೆಡಿಟ್‌ಗಳ ಇಂಟರ್ನ್‌ಶಿಪ್ ಇದೆ. ಅದಕ್ಕೆ 120 ಗಂಟೆ ಎಂದಿದ್ದಾರೆ. ನಾನು ಮಾಡುವ ಕೆಲಸವನ್ನೇ ಇಂಟರ್ನ್‌ಶಿಪ್ ಎಂದು ಪರಿಗಣಿಸಬಹುದೇ ಎಂದು ಕಾಲೇಜಿನಲ್ಲಿ ಕೇಳಿದರೆ, "ಅದು ಪಾರ್ಟ್‌ಟೈಮ್ ಕೆಲಸ, ಇಂಟರ್ನ್‌ಶಿಪ್ ಅಲ್ಲ, ಯಾವುದಾದರೂ ಕಂಪನಿಯಿಂದ ಪತ್ರ ತನ್ನಿ" ಎಂದರು. ಕಂಪನಿಗೆ ಹೋದರೆ ಅಲ್ಲಿ ಸಂಬಳವಿಲ್ಲ, ಇಲ್ಲಿನ ಸಂಬಳವೂ ಹೋಗುತ್ತದೆ. ಸಹಪಾಠಿಯೊಬ್ಬರು 1,500 ರೂಪಾಯಿ ಕೊಟ್ಟರೆ ಹೋಗದೆಯೇ ಪ್ರಮಾಣಪತ್ರ ಕೊಡುವವರಿದ್ದಾರೆ ಎನ್ನುತ್ತಾರೆ. ಎರಡು ವರ್ಷ ನಿಂತು ಕಲಿತದ್ದು ಲೆಕ್ಕಕ್ಕಿಲ್ಲ, ಹೋಗದೆಯೇ ತಂದ ಕಾಗದ ಲೆಕ್ಕಕ್ಕಿದೆ ಎಂದರೆ ನಾನು ಏನು ಮಾಡಬೇಕು? ತಿಳಿದವರು ದಯವಿಟ್ಟು ಹೇಳಿ.

ವಾಣಿಜ್ಯದ_ಮೇಷ್ಟ್ರು:

ಹೇಮಾವತಿ ಅವರೇ, ನಾನು ಇನ್ನೊಂದು ಜಿಲ್ಲೆಯ ಪ್ರಥಮ ದರ್ಜೆ ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಹೇಳಿಕೊಡುತ್ತೇನೆ. ಇಂಟರ್ನ್‌ಶಿಪ್‌ನ ಹೊಣೆಯೂ ನನ್ನ ಮೇಲಿದೆ. ನಿಮ್ಮ ಕಾಲೇಜಿನವರು ಹೇಳಿದ್ದರಲ್ಲಿ ಅರ್ಧ ಸರಿ, ಅರ್ಧ ಸರಿಯಲ್ಲ.

ಮೊದಲು ಗಂಟೆಗಳ ಲೆಕ್ಕ. ವಿಶ್ವವಿದ್ಯಾಲಯ ಅನುದಾನ ಆಯೋಗ (ಯು.ಜಿ.ಸಿ.) 2022ರ ಡಿಸೆಂಬರ್‌ನಲ್ಲಿ ಹೊರಡಿಸಿದ ಪದವಿ ಪಠ್ಯಕ್ರಮದ ಚೌಕಟ್ಟಿನಲ್ಲಿ ಬೇಸಿಗೆಯ ಇಂಟರ್ನ್‌ಶಿಪ್‌ಗೆ ಎರಡರಿಂದ ನಾಲ್ಕು ಕ್ರೆಡಿಟ್ ಇಡಲಾಗಿದೆ. ತರಗತಿಯ ಪಾಠವಾದರೆ 15 ಗಂಟೆಗೆ ಒಂದು ಕ್ರೆಡಿಟ್, ಇಂಟರ್ನ್‌ಶಿಪ್ ಆದರೆ 30 ಗಂಟೆಗೆ ಒಂದು. ನಾಲ್ಕು ಕ್ರೆಡಿಟ್‌ಗೆ 120 ಗಂಟೆ ಎಂಬುದು ಹೀಗೆ ಬಂದದ್ದು. ವಾರಕ್ಕೆ 24 ಗಂಟೆ ಅಂಗಡಿಯಲ್ಲಿರುವ ನಿಮಗೆ ಅದು ಐದೇ ವಾರಗಳ ಕೆಲಸ. ಆದರೆ ಕರ್ನಾಟಕದಲ್ಲಿ ಒಂದು ತೊಡಕಿದೆ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ಸೇರಿದವರ ಪಠ್ಯಕ್ರಮ ಬೇರೆ, 2024-25ರಿಂದ ರಾಜ್ಯವು ಮೂರು ವರ್ಷದ ಪದವಿಗೆ ಮರಳಿದ ಮೇಲೆ ಸೇರಿದವರದ್ದು ಬೇರೆ, ವಿಶ್ವವಿದ್ಯಾಲಯದಿಂದ ವಿಶ್ವವಿದ್ಯಾಲಯಕ್ಕೂ ವ್ಯತ್ಯಾಸವಿದೆ. ಆದ್ದರಿಂದ ನಿಮ್ಮ ಅಣ್ಣನೋ ಅಕ್ಕನೋ ಮೂರು ವರ್ಷದ ಹಿಂದೆ ಮಾಡಿದ್ದನ್ನು ನಂಬಿಕೊಳ್ಳದೆ, ನಿಮ್ಮದೇ ಬ್ಯಾಚಿನ ಪಠ್ಯಕ್ರಮದ ಪ್ರತಿಯನ್ನು ಕೈಯಲ್ಲಿ ಹಿಡಿದುಕೊಳ್ಳಿ.

ಇನ್ನು ಮುಖ್ಯ ಪ್ರಶ್ನೆ. ಈಗಾಗಲೇ ಕಳೆದ ಎರಡು ವರ್ಷಗಳ ಗಂಟೆಗಳನ್ನು ಹಿಂದಿನ ದಿನಾಂಕ ಹಾಕಿ ಇಂಟರ್ನ್‌ಶಿಪ್ ಎಂದು ಬರೆದುಕೊಡಲು ಯಾವ ಕಾಲೇಜಿಗೂ ಬರುವುದಿಲ್ಲ, ಬರಬಾರದು ಕೂಡ. ಆದರೆ ಅದೇ ಅಂಗಡಿಯಲ್ಲಿ ಮುಂದಿನ ಐದು ವಾರಗಳನ್ನು ಇಂಟರ್ನ್‌ಶಿಪ್ ಆಗಿ ಮಾಡಬಾರದು ಎಂಬ ನಿಯಮವನ್ನು ನಾನು ನಮ್ಮ ಪಠ್ಯಕ್ರಮದಲ್ಲಿ ಕಂಡಿಲ್ಲ. ಸಂಬಳ ಬಂದರೆ ಅದು ಇಂಟರ್ನ್‌ಶಿಪ್ ಅಲ್ಲ ಎಂಬುದೂ ತಪ್ಪು ಕಲ್ಪನೆಯೇ. ಕೆಲಸ ಮತ್ತು ಇಂಟರ್ನ್‌ಶಿಪ್ ನಡುವಿನ ಗೆರೆ ಸಂಬಳವಲ್ಲ. ಏನನ್ನು ಕಲಿಯುತ್ತೀರಿ ಎಂದು ಕೆಲಸ ಶುರುವಾಗುವ ಮೊದಲೇ ಬರೆದುಕೊಂಡಿರಬೇಕು, ಕಲಿಸುವ ಹೊಣೆ ಹೊತ್ತ ಒಬ್ಬರು ಅಂಗಡಿಯಲ್ಲಿರಬೇಕು, ಕಲಿತದ್ದನ್ನು ಅಳೆಯುವ ಒಬ್ಬರು ಕಾಲೇಜಿನಲ್ಲಿರಬೇಕು. ಈ ಮೂರೂ ಇದ್ದರೆ ಬಸ್ ನಿಲ್ದಾಣದ ಜವಳಿ ಅಂಗಡಿಯೂ ಸಾಕು, ಇಲ್ಲದಿದ್ದರೆ ಯಾವ ಕಂಪನಿಯ ಪತ್ರವೂ ಬರಿಯ ಕಾಗದ.

ನೀವು ಬರೆದ ಜಿ.ಎಸ್.ಟಿ. ಪ್ರಸಂಗವನ್ನೇ ನೋಡಿ. ಹೊಲಿಯದ ಸೀರೆ ಬಟ್ಟೆಯ ಲೆಕ್ಕದಲ್ಲಿ 5% ದರದಲ್ಲೇ ಉಳಿಯಿತು. ಸಿದ್ಧ ಉಡುಪಿಗೆ ಮೊದಲು 1,000 ರೂಪಾಯಿವರೆಗೆ 5%, ಅದರ ಮೇಲೆ 12% ಇತ್ತು; ಈಗ 2,500 ರೂಪಾಯಿವರೆಗೆ 5%, ಅದರ ಮೇಲೆ 18%. ಹಾಗಾದರೆ 2,600 ರೂಪಾಯಿಯ ಚೂಡಿದಾರ್‌ಗೆ ಅಂಗಡಿಯವರು ನೂರು ರೂಪಾಯಿ ರಿಯಾಯಿತಿ ಕೊಟ್ಟರೆ ಯಾರಿಗೆ ಎಷ್ಟು ಲಾಭ? ಇಂತಹ ಪ್ರಶ್ನೆಯನ್ನು ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ಕೇಳಿದರೆ ನೀವು ಉತ್ತರಿಸುತ್ತೀರಿ, 1,500 ಕೊಟ್ಟವರು ಉತ್ತರಿಸಲಾರರು.

ಉದ್ರಿ_ಪುಸ್ತಕ:

ಮೇಷ್ಟ್ರೇ, ನಿಮ್ಮ ಮಾತು ಓದಲು ಚೆನ್ನಾಗಿದೆ, ಆದರೆ ಎಲ್ಲ ಕಾಲೇಜಿನಲ್ಲೂ ನಿಮ್ಮಂಥವರಿಲ್ಲ. ನಮ್ಮದು ತಿಪಟೂರಿನಲ್ಲಿ ಕಿರಾಣಿ ಅಂಗಡಿ. ಏಳನೇ ತರಗತಿಯಿಂದ ಗಲ್ಲಾದಲ್ಲಿ ಕೂತವನು ನಾನು. ಕೊಬ್ಬರಿಯ ಬೆಲೆ ಬಿದ್ದ ವರ್ಷ ಯಾರಿಗೆ ಉದ್ರಿ ಕೊಡಬೇಕು, ಯಾರಿಗೆ ಮುಖ ಕೆಡಿಸದೆ ಇಲ್ಲ ಎನ್ನಬೇಕು ಎಂಬುದನ್ನು ಯಾವ ಪುಸ್ತಕವೂ ನನಗೆ ಹೇಳಿಕೊಡಲಿಲ್ಲ. ಇಂಟರ್ನ್‌ಶಿಪ್‌ಗೆ ಅಪ್ಪನ ಅಂಗಡಿ ಆಗುವುದಿಲ್ಲ ಎಂದರು. ಬೆಂಗಳೂರಿನ ಒಂದು ಕಚೇರಿಗೆ ಹೋದೆ, ನಾಲ್ಕು ವಾರ ಕಾಗದಗಳಿಗೆ ಪಿನ್ನು ಹೊಡೆದೆ, ಪಿ.ಜಿ.ಗೆ ಬಾಡಿಗೆ ಕಟ್ಟಿದೆ, ಪೂರ್ಣ ಅಂಕ ಬಂತು. ಸರ್ಕಾರದ್ದೇ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು ಅನುಭವಕ್ಕೂ ಕ್ರೆಡಿಟ್ ಉಂಟು ಎನ್ನುತ್ತದಲ್ಲ, ಅದು ಯಾರಿಗಾಗಿ?

ವಾಣಿಜ್ಯದ_ಮೇಷ್ಟ್ರು:

ನಿಮ್ಮ ಸಿಟ್ಟು ನ್ಯಾಯವಾದದ್ದೇ. ಚೌಕಟ್ಟಿನ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಇದರ ಬಗ್ಗೆ ವಾಟ್ಸ್‌ಆ್ಯಪ್‌ನಲ್ಲಿ ತಲೆಬುಡವಿಲ್ಲದ ಸಂದೇಶಗಳು ಓಡಾಡುತ್ತಿವೆ.

2023ರ ಏಪ್ರಿಲ್‌ನಲ್ಲಿ ಬಂದ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನಂತೆ ವರ್ಷಕ್ಕೆ 1,200 ಕಲಿಕೆಯ ಗಂಟೆ, ಅದಕ್ಕೆ 40 ಕ್ರೆಡಿಟ್. ಅನುಭವಕ್ಕೆ ಅದರಲ್ಲಿ ಗುಣಾಂಕವೊಂದಿದೆ: ಒಂದು ವರ್ಷಕ್ಕಿಂತ ಹೆಚ್ಚು, ನಾಲ್ಕು ವರ್ಷಕ್ಕಿಂತ ಕಡಿಮೆ ಅನುಭವವಿದ್ದರೆ 1.33, ನಾಲ್ಕರಿಂದ ಏಳು ವರ್ಷಕ್ಕೆ 1.67, ಅದಕ್ಕೂ ಮೇಲೆ 2. ಇದನ್ನು ಓದಿದವರು ಏಳು ವರ್ಷ ಗಲ್ಲಾದಲ್ಲಿ ಕೂತರೆ ಪದವಿಯೇ ಬಂದುಬಿಡುತ್ತದೆ ಎಂದುಕೊಳ್ಳುತ್ತಾರೆ. ಗುಣಿಸುವುದಕ್ಕೆ ಮೊದಲು ಒಂದು ಸಂಖ್ಯೆ ಬೇಕಲ್ಲ, ಆ ಸಂಖ್ಯೆ ಮೌಲ್ಯಮಾಪನದಿಂದ ಮಾತ್ರ ಹುಟ್ಟುತ್ತದೆ. ಮೌಲ್ಯಮಾಪನವಿಲ್ಲದ ಅನುಭವ ಎಷ್ಟು ದೊಡ್ಡದಾದರೂ ಆ ಲೆಕ್ಕದಲ್ಲಿ ಸೊನ್ನೆಯೇ.

ಇನ್ನು ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್, ಅಂದರೆ ವಿದ್ಯಾರ್ಥಿ ಗಳಿಸಿದ ಕ್ರೆಡಿಟ್ ಕೂಡಿಡುವ ಡಿಜಿಟಲ್ ಖಾತೆ. 2021ರ ಜುಲೈನಲ್ಲಿ ಇದರ ನಿಯಮಾವಳಿ ಬಂತು. ಇದು ನಾವೇ ಹೋಗಿ ಹಣ ಕಟ್ಟುವ ಬ್ಯಾಂಕಿನಂತಲ್ಲ. ಅಂಗಡಿಯ ಪ್ರಮಾಣಪತ್ರವನ್ನು ವಿದ್ಯಾರ್ಥಿಯೇ ಅಲ್ಲಿ ಜಮಾ ಮಾಡುವಂತಿಲ್ಲ, ನೋಂದಾಯಿತ ಸಂಸ್ಥೆಯೇ ಕ್ರೆಡಿಟ್ ಹಾಕಬೇಕು. ಹಾಕಿದ ಕ್ರೆಡಿಟ್ ಹೆಚ್ಚೆಂದರೆ ಏಳು ವರ್ಷ ಬಾಳುತ್ತದೆ. ಡಿಜಿಲಾಕರ್‌ನಲ್ಲಿ ಹನ್ನೆರಡು ಅಂಕಿಯ ಸಂಖ್ಯೆ ಪಡೆದು ಸುಮ್ಮನಿರುವ ವಿದ್ಯಾರ್ಥಿಗಳು, ಸೆಮಿಸ್ಟರ್ ಮುಗಿದ ಮೇಲೆ ಅಲ್ಲಿ ತಮ್ಮ ಕ್ರೆಡಿಟ್ ನಿಜವಾಗಿ ಕಾಣುತ್ತಿದೆಯೇ ಎಂದು ಒಮ್ಮೆ ನೋಡುವುದು ಒಳ್ಳೆಯದು.

ಮೊದಲೇ ಕಲಿತದ್ದನ್ನು ಪರೀಕ್ಷಿಸಿ ಮಾನ್ಯ ಮಾಡುವ ದಾರಿ ಕೌಶಲ ಕ್ಷೇತ್ರದಲ್ಲಿ ಆಗಲೇ ಇದೆ. ರಿಟೇಲ್ ವಲಯದ ಕೌಶಲ ಮಂಡಳಿಯಾದ ರಾಸ್ಕಿಯು ಕ್ಯಾಷಿಯರ್, ಸೇಲ್ಸ್ ಅಸೋಸಿಯೇಟ್ ಮುಂತಾದ ಕೆಲಸಗಳಿಗೆ ಮಾನದಂಡ ರೂಪಿಸಿದೆ. ಆ ಪ್ರಮಾಣಪತ್ರ ಕೆಲಸ ಹುಡುಕುವಾಗ ಉಪಯೋಗಕ್ಕೆ ಬರುತ್ತದೆ, ಆದರೆ ನಿಮ್ಮ ವಿಶ್ವವಿದ್ಯಾಲಯ ಒಪ್ಪಿಕೊಳ್ಳುವವರೆಗೆ ಅದು ಪದವಿಯ ಕ್ರೆಡಿಟ್ ಆಗುವುದಿಲ್ಲ. ಉನ್ನತ ಶಿಕ್ಷಣದಲ್ಲೂ ಇಂತಹ ಮಾನ್ಯತೆ ನೀಡಲು ಯು.ಜಿ.ಸಿ. ಮಾರ್ಗಸೂಚಿಯ ಕರಡನ್ನು ಪ್ರಕಟಿಸಿದೆ. ಕಾಲೇಜಿನ ಮಟ್ಟದಲ್ಲಿ ಇದನ್ನು ನಡೆಸಲು ಬೇಕಾದ ಪರೀಕ್ಷಕರು, ಸಮಯ ನಮ್ಮಲ್ಲಿಲ್ಲ ಎಂದು ಒಪ್ಪಿಕೊಳ್ಳಲು ನನಗೆ ಸಂಕೋಚವಿಲ್ಲ. 180 ವಿದ್ಯಾರ್ಥಿಗಳ ಇಂಟರ್ನ್‌ಶಿಪ್ ವರದಿಗಳನ್ನು ನಾವು ಮೂವರು ಓದುತ್ತೇವೆ.

ಅಪ್ಪನ ಅಂಗಡಿಯ ವಿಷಯದಲ್ಲಿ ಮಾತ್ರ ನಾನು ಕಾಲೇಜಿನ ಪಕ್ಷ. ಮಗನಿಗೆ ಅಂಕ ಕೊಡುವ ಮೇಲ್ವಿಚಾರಕ ಅಪ್ಪನೇ ಆಗುವುದು ಸರಿಯಲ್ಲ. ಅದೇ ಬೀದಿಯ ಎದುರಿನ ಅಂಗಡಿಗೆ ಹೋಗಿದ್ದರೆ ಒಪ್ಪುತ್ತಿದ್ದೆ.

ಉದ್ರಿ_ಪುಸ್ತಕ:

ಎದುರಿನ ಅಂಗಡಿಯವರು ನಮ್ಮ ಚಿಕ್ಕಪ್ಪ. ತಿಪಟೂರು ಅಷ್ಟು ದೊಡ್ಡ ಊರಲ್ಲ, ಮೇಷ್ಟ್ರೇ.

ಗಲ್ಲಾಪೆಟ್ಟಿಗೆ:

ನಾನು ಮೈಸೂರಿನಲ್ಲಿ ಸೂಪರ್‌ಮಾರ್ಕೆಟ್ ಒಂದರ ಸ್ಟೋರ್ ಮ್ಯಾನೇಜರ್. ವರ್ಷಕ್ಕೆ ಹತ್ತು ಹನ್ನೆರಡು ಇಂಟರ್ನ್‌ಗಳು ನಮ್ಮಲ್ಲಿಗೆ ಬರುತ್ತಾರೆ. ಒಳಗಿನ ಮಾತನ್ನು ಹೇಳಿಬಿಡುತ್ತೇನೆ. ನಮ್ಮ ವ್ಯವಹಾರದಲ್ಲಿ ದಸರಾದಿಂದ ದೀಪಾವಳಿಯವರೆಗೆ ಕೈಗಳು ಸಾಲುವುದಿಲ್ಲ. ಆಗ ಬಂದ ಇಂಟರ್ನ್‌ಗೆ ನಾವು ಏನನ್ನೂ ಕಲಿಸುವುದಿಲ್ಲ, ಚೀಲ ತುಂಬಿಸುತ್ತೇವೆ. ಅದು ಸಂಬಳವಿಲ್ಲದ ದುಡಿಮೆ, ಅದನ್ನು ಕಲಿಕೆ ಎಂದು ಸಹಿ ಹಾಕುವಾಗ ನನಗೂ ಕೈ ತಡೆಯುತ್ತದೆ. ಕಲಿಯಬೇಕೆನ್ನುವವರು ಫೆಬ್ರವರಿಯಲ್ಲೋ ಜುಲೈನಲ್ಲೋ ಬನ್ನಿ.

ಜುಲೈನಲ್ಲಿ ಬಂದ ಒಬ್ಬ ಹುಡುಗನಿಗೆ ನಾನು ಒಂದೇ ಕೆಲಸ ಕೊಟ್ಟೆ: ಹಾಲು, ಮೊಸರು, ಬ್ರೆಡ್ಡಿನ ಶೆಲ್ಫಿನಲ್ಲಿ ಪ್ರತಿದಿನ ಎಕ್ಸ್‌ಪೈರಿ ಆಗಿ ತೆಗೆದುಹಾಕುವ ಮಾಲನ್ನು ಐದು ವಾರ ಬರೆದಿಡು. ಮೊದಲ ವಾರ ಬರಿಯ ಪಟ್ಟಿ ತಂದ. ಎರಡನೇ ವಾರ, ಹಳೆಯ ಪ್ಯಾಕೆಟ್ಟನ್ನು ಮುಂದೆ, ಹೊಸದನ್ನು ಹಿಂದೆ ಇಡುವ ಕ್ರಮವನ್ನು ಬೆಳಗಿನ ಪಾಳಿಯವರು ಪಾಲಿಸುತ್ತಾರೆ, ಸಂಜೆಯ ಪಾಳಿಯವರು ಅವಸರದಲ್ಲಿ ಬಿಡುತ್ತಾರೆ ಎಂಬುದನ್ನು ಗಮನಿಸಿದ. ಮೂರನೇ ವಾರ ಸೋಮವಾರದ ಬ್ರೆಡ್ ಆರ್ಡರ್ ಏಕೆ ಹೆಚ್ಚಾಗಿದೆ ಎಂದು ನನ್ನನ್ನೇ ಕೇಳಿದ. ನನ್ನಲ್ಲಿ ಉತ್ತರವಿರಲಿಲ್ಲ, ಹಿಂದಿನ ಮ್ಯಾನೇಜರ್ ಹಾಕಿದ ಸಂಖ್ಯೆ ಹಾಗೆಯೇ ಮುಂದುವರಿದಿತ್ತು. ಅವನ ವರದಿ ಹದಿನಾಲ್ಕೇ ಪುಟ. ನಾನು ಓದಿದ ಇಂಟರ್ನ್‌ಶಿಪ್ ವರದಿಗಳಲ್ಲಿ ಕಂಪನಿಯ ಇತಿಹಾಸವನ್ನು ಇಂಟರ್ನೆಟ್‌ನಿಂದ ಎತ್ತಿ ಬರೆಯದ ವರದಿ ಅದೊಂದೇ.

ತಂಗಿ ಹೇಮಾವತಿ, ನೀವು ಕೂಡ "ರಿಟೇಲ್ ನಿರ್ವಹಣೆ ಕಲಿಯುತ್ತೇನೆ" ಎಂದು ಬರೆಯಬೇಡಿ. ಅಷ್ಟು ದೊಡ್ಡದನ್ನು ಯಾರೂ ಐದು ವಾರದಲ್ಲಿ ಕಲಿಯುವುದಿಲ್ಲ. ಒಂದು ಕಪಾಟನ್ನು ಆರಿಸಿಕೊಳ್ಳಿ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ 1961ರ ಕಾಯ್ದೆಯಂತೆ ನೌಕರರಿಂದ ದಿನಕ್ಕೆ ಒಂಬತ್ತು ಗಂಟೆ, ವಾರಕ್ಕೆ 48 ಗಂಟೆಗಿಂತ ಹೆಚ್ಚು ಕೆಲಸ ಮಾಡಿಸುವಂತಿಲ್ಲ ಎಂಬುದೂ ನೆನಪಿರಲಿ. 120 ಗಂಟೆಯನ್ನು ಹತ್ತೇ ದಿನದಲ್ಲಿ ಮುಗಿಸಿದೆ ಎಂಬ ಲಾಗ್‌ಬುಕ್ಕನ್ನು ನೋಡಿದ್ದೇನೆ. ದಿನಕ್ಕೆ ಹನ್ನೆರಡು ಗಂಟೆ! ಸಹಿ ಹಾಕಿದವರು ಭಾಗಿಸಿ ನೋಡಿರಲಿಲ್ಲ.

ಮೂರನೇ_ವರ್ಷದವಳು:

ನಾನು ಬೆಂಗಳೂರಿನಲ್ಲಿ ಅಪ್ರೆಂಟಿಸ್‌ಶಿಪ್ ಸೇರಿಕೊಂಡ ಪದವಿ ಓದುತ್ತಿದ್ದೇನೆ, ವಿಷಯ ರಿಟೇಲ್. ಇದನ್ನು ಇಂಟರ್ನ್‌ಶಿಪ್ ಜೊತೆ ಕಲಸಿಕೊಳ್ಳಬೇಡಿ. ಯು.ಜಿ.ಸಿ.ಯ ಮಾರ್ಗಸೂಚಿಯಂತೆ ಮೂರು ವರ್ಷದ ಪದವಿಯಲ್ಲಿ ಒಂದರಿಂದ ಮೂರು ಸೆಮಿಸ್ಟರ್‌ಗಳನ್ನು ಕೆಲಸದ ಜಾಗದಲ್ಲಿ ಕಳೆಯಬಹುದು. ನಮಗೆ ಎರಡು ವರ್ಷ ಕಾಲೇಜು, ಮೂರನೇ ವರ್ಷ ಪೂರ್ತಿ ಅಂಗಡಿ. ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಪೋರ್ಟಲ್‌ನಲ್ಲಿ ಕರಾರು ದಾಖಲಾಗಿದೆ, ತಿಂಗಳಿಗೆ ಶಿಷ್ಯವೇತನ ಬರುತ್ತದೆ. 2019ರ ತಿದ್ದುಪಡಿಯ ನಿಯಮದಲ್ಲಿ ಪದವಿ ಅಪ್ರೆಂಟಿಸ್‌ಗೆ ತಿಂಗಳಿಗೆ ಕನಿಷ್ಠ 9,000 ರೂಪಾಯಿ ಎಂದು ನಿಗದಿಯಾಗಿತ್ತು, ಅದರ ಅರ್ಧವನ್ನು, ಅಂದರೆ 4,500ರವರೆಗೆ, ಕೇಂದ್ರ ಸರ್ಕಾರ ಭರಿಸುವ ವ್ಯವಸ್ಥೆಯೂ ಇದೆ.

ಒಳ್ಳೆಯದರ ಜೊತೆಗೆ ಕಷ್ಟವನ್ನೂ ಹೇಳಬೇಕು. 1961ರ ಅಪ್ರೆಂಟಿಸ್ ಕಾಯ್ದೆಯ ಕಣ್ಣಿನಲ್ಲಿ ನಾವು ತರಬೇತಿ ಪಡೆಯುವವರು, ಕಾರ್ಮಿಕರಲ್ಲ. ಪಕ್ಕದ ಕೌಂಟರ್‌ನವರಿಗೆ ಪಿ.ಎಫ್. ಇದೆ, ನಮಗಿಲ್ಲ. ಗಿರಾಕಿಗೆ ಮಾತ್ರ ಇಬ್ಬರೂ ಒಂದೇ. ಇನ್ನೊಂದು, ದಿನವಿಡೀ ನಿಲ್ಲುವುದು. ಜವಳಿ ಅಂಗಡಿಯ ಹೆಣ್ಣುಮಕ್ಕಳ ಹೋರಾಟದಿಂದಾಗಿ ಕೇರಳವು 2018ರಲ್ಲಿ, ಅದರ ನಂತರ ತಮಿಳುನಾಡು 2021ರಲ್ಲಿ, ಅಂಗಡಿ ಕೆಲಸಗಾರರಿಗೆ ಕೂರಲು ಆಸನ ಕೊಡಲೇಬೇಕೆಂದು ಕಾನೂನು ತಿದ್ದಿದವು. ನಮ್ಮ ಮೌಲ್ಯಮಾಪನದ ನಮೂನೆಯಲ್ಲಿ "ಗಿರಾಕಿಯೊಂದಿಗೆ ನಗುಮೊಗದಿಂದ ವ್ಯವಹರಿಸಿದರೇ" ಎಂಬ ಕಾಲಂ ಇದೆ, ಕೂರಲು ಸ್ಟೂಲ್ ಇತ್ತೇ ಎಂಬ ಕಾಲಂ ಇಲ್ಲ. ಹೇಮಾವತಿ ಅವರೇ, ನೀವು ಈಗಾಗಲೇ ನಾಲ್ಕನೇ ಸೆಮಿಸ್ಟರ್‌ನಲ್ಲಿರುವುದರಿಂದ ಈ ದಾರಿ ನಿಮಗಲ್ಲ. ನಿಮ್ಮ ತಂಗಿಯೋ ತಮ್ಮನೋ ಪಿ.ಯು.ಸಿ.ಯಲ್ಲಿದ್ದರೆ ಸೇರುವಾಗಲೇ ವಿಚಾರಿಸಲಿ.

ಫ್ರೀಮಾಂಟ್_ಅಮ್ಮ:

ಅಮೆರಿಕದಿಂದ ಒಂದು ಮಾತು. ನನ್ನ ಮಗಳು 2019ರಲ್ಲಿ ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜಿನಲ್ಲಿ ಓದುವಾಗ ಬಟ್ಟೆ ಅಂಗಡಿಯಲ್ಲಿ ಸಂಬಳಕ್ಕೆ ಕೆಲಸ ಮಾಡುತ್ತಿದ್ದಳು, ಅದೇ ಕೆಲಸಕ್ಕೆ ಕಾಲೇಜು ಯೂನಿಟ್ (ಇಲ್ಲಿ ಕ್ರೆಡಿಟ್‌ಗೆ ಹೀಗೆನ್ನುತ್ತಾರೆ) ಕೊಟ್ಟಿತು. ಇಲ್ಲಿನ ಕಾಲೇಜುಗಳಲ್ಲಿ ಇದಕ್ಕೆ "ವರ್ಕ್ ಎಕ್ಸ್‌ಪೀರಿಯನ್ಸ್" ಎಂಬ ಕೋರ್ಸೇ ಇದೆ. ಆಗಿನ ನಿಯಮದಲ್ಲಿ ಸಂಬಳದ ಕೆಲಸವಾದರೆ 75 ಗಂಟೆಗೆ, ಸಂಬಳವಿಲ್ಲದ್ದಾದರೆ 60 ಗಂಟೆಗೆ ಒಂದು ಯೂನಿಟ್, ಒಟ್ಟು 16ಕ್ಕಿಂತ ಹೆಚ್ಚಿಲ್ಲ. ಆದರೆ ಮೇಷ್ಟ್ರು ಹೇಳಿದ ಶಿಸ್ತು ಇಲ್ಲಿಯೂ ಇತ್ತು. ಸೆಮಿಸ್ಟರ್‌ನ ಆರಂಭದಲ್ಲೇ ಕಲಿಕೆಯ ಗುರಿಗಳನ್ನು ಬರೆದು, ಅವಳು, ಅಂಗಡಿಯ ಮೇಲಧಿಕಾರಿ, ಪ್ರಾಧ್ಯಾಪಕರು ಮೂವರೂ ಸಹಿ ಹಾಕಿದರು. ಸಾಮಾನು ಜೋಡಿಸುತ್ತೇನೆ ಎಂದು ಅವಳು ಬರೆದದ್ದನ್ನು ಪ್ರಾಧ್ಯಾಪಕರು, ಅದು ಈಗಾಗಲೇ ಬರುತ್ತದಲ್ಲ, ಬಾರದ್ದನ್ನು ಬರೆ ಎಂದು ಹಿಂದಕ್ಕೆ ಕೊಟ್ಟಿದ್ದರು.

ಅಮೆರಿಕದಲ್ಲಿ ಎಲ್ಲವೂ ಸಲೀಸು ಎಂದುಕೊಳ್ಳಬೇಡಿ. ಮುಂದೆ ಯು.ಸಿ.ಗಳಿಗೆ (ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕ್ಯಾಂಪಸ್‌ಗಳಿಗೆ) ವರ್ಗವಾಗುವವರಿಗೆ ಈ ಯೂನಿಟ್‌ಗಳು ಸಾಮಾನ್ಯವಾಗಿ ಲೆಕ್ಕಕ್ಕೆ ಬರುವುದಿಲ್ಲ. ಕಂಪನಿ ಶುಲ್ಕ ಕಟ್ಟುವುದಕ್ಕೂ ಕೆಲಸವೇ ಕ್ರೆಡಿಟ್ ಆಗುವುದಕ್ಕೂ ವ್ಯತ್ಯಾಸವಿದೆ. ಸ್ಟಾರ್‌ಬಕ್ಸ್ 2014ರಿಂದ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ಜೊತೆ ಸೇರಿ ನೌಕರರ ಪದವಿಯ ಖರ್ಚು ನೋಡಿಕೊಳ್ಳುತ್ತದೆ, ಆದರೆ ಕಾಫಿ ಮಾಡಿದ ಗಂಟೆಗಳೇ ಪದವಿಯಾಗುವುದಿಲ್ಲ, ಓದಲೇಬೇಕು. ಕರ್ನಾಟಕದಿಂದ ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿ ಬರುವ ಮಕ್ಕಳಿಗೆ ಒಂದು ಎಚ್ಚರಿಕೆ: ಕ್ರೆಡಿಟ್ ಸಿಗುತ್ತದೆ ಎಂದು ಕ್ಯಾಂಪಸ್‌ನ ಹೊರಗಿನ ಅಂಗಡಿಯಲ್ಲಿ ಕೆಲಸ ಶುರು ಮಾಡಬೇಡಿ. ಕಾಲೇಜಿನ ಅಧಿಕಾರಿಯಿಂದ ಐ-20 ಎಂಬ ವಿದ್ಯಾರ್ಥಿ ದಾಖಲೆಯಲ್ಲಿ ಮೊದಲು ಅನುಮತಿ ದಾಖಲಾಗಬೇಕು, ಸಾಮಾನ್ಯವಾಗಿ ಒಂದು ಶೈಕ್ಷಣಿಕ ವರ್ಷವೂ ಮುಗಿದಿರಬೇಕು. ಪರಿಚಯದವರ ಗ್ಯಾಸ್ ಸ್ಟೇಷನ್‌ನಲ್ಲಿ ನಿಂತು ವೀಸಾ ಕಳೆದುಕೊಂಡವರನ್ನು ನೋಡಿದ್ದೇನೆ.

ಉದ್ರಿ_ಪುಸ್ತಕ:

ಬಾರದ್ದನ್ನು ಬರೆ ಎಂಬ ಮಾತು ನನಗೆ ಹಿಡಿಸಿತು. ನಮ್ಮ ಅಂಗಡಿಯಲ್ಲಿ ನನಗೆ ಬಾರದ್ದು ಏನು ಎಂದು ಆಗ ಯಾರಾದರೂ ಕೇಳಿದ್ದರೆ, ಯಾವ ಮಾಲಿನಿಂದ ಎಷ್ಟು ಲಾಭ ಎಂದು ಅಪ್ಪನಿಗೂ ನನಗೂ ಗೊತ್ತಿಲ್ಲ ಎಂದು ಹೇಳುತ್ತಿದ್ದೆ. ಎಲ್ಲವೂ ಅಂದಾಜು. ಆದರೂ ಚಿಕ್ಕ ಅಂಗಡಿಗಳನ್ನು ಬಾಗಿಲಲ್ಲೇ ತಡೆಯುವುದು ತಪ್ಪು ಎಂಬ ನನ್ನ ಅಭಿಪ್ರಾಯ ಬದಲಾಗಿಲ್ಲ. ಜಿಲ್ಲೆಯ ಊರುಗಳಲ್ಲಿ ಇರುವುದೇ ಚಿಕ್ಕ ಅಂಗಡಿಗಳು. ಅವು ಬೇಡವೆಂದರೆ ಬಡವರ ಮಕ್ಕಳು ಬೆಂಗಳೂರಿನ ಪಿ.ಜಿ. ಬಾಡಿಗೆ ಕಟ್ಟಬೇಕು, ಇಲ್ಲವೇ 1,500 ಕೊಡಬೇಕು.

ವಾಣಿಜ್ಯದ_ಮೇಷ್ಟ್ರು:

ಇದನ್ನು ನಾನು ಒಪ್ಪುತ್ತೇನೆ. ಜಿ.ಎಸ್.ಟಿ. ನೋಂದಣಿಯೋ ಪುರಸಭೆಯ ಪರವಾನಗಿಯೋ ಇರುವ ಯಾವ ಅಂಗಡಿಯಾದರೂ ಸರಿ, ರಕ್ತಸಂಬಂಧಿಗಳದ್ದು ಆಗಿರಬಾರದು ಎಂದಷ್ಟೇ ನಮ್ಮ ವಿಭಾಗದಲ್ಲಿ ತೀರ್ಮಾನಿಸಿದ್ದೇವೆ. ಚಿಕ್ಕಪ್ಪನ ವಿಷಯವನ್ನು ಇನ್ನೊಮ್ಮೆ ಯೋಚಿಸುತ್ತೇನೆ.

ಹೇಮಾವತಿ_ದಂಡೆ:

ಏಳು ವಾರಗಳ ನಂತರ ಬರೆಯುತ್ತಿದ್ದೇನೆ. ಮೇಷ್ಟ್ರು ಹೇಳಿದಂತೆ ಮೊದಲು ಪಠ್ಯಕ್ರಮದ ಪ್ರತಿ ತೆಗೆದುಕೊಂಡೆ. ಅದರಲ್ಲಿ "ಸಂಸ್ಥೆ" ಎಂದಿತ್ತೇ ಹೊರತು "ಕಂಪನಿ" ಎಂದಿರಲಿಲ್ಲ. ಅದನ್ನು ತೋರಿಸಿ, ಒಂದು ಪುಟದಲ್ಲಿ ನನಗೆ ಬಾರದ್ದನ್ನು ಬರೆದುಕೊಂಡು ಹೋದೆ: ಆರು ತಿಂಗಳಿಂದ ಮಾರಾಟವಾಗದ ಮಾಲು ಯಾವುದು, ಅದರಲ್ಲಿ ಎಷ್ಟು ಹಣ ಸಿಕ್ಕಿಕೊಂಡಿದೆ, ಅದನ್ನು ಏಕೆ ತರಿಸಲಾಯಿತು. ಕಾಲೇಜಿನವರು ಎರಡು ದಿನ ಯೋಚಿಸಿ, ನನ್ನ ಮಾಮೂಲಿ ಬಿಲ್ಲಿಂಗ್ ಗಂಟೆಗಳನ್ನು ಸೇರಿಸಬಾರದು, ಈ ಕೆಲಸಕ್ಕೆ ಕೊಟ್ಟ ಗಂಟೆಗಳು ಮಾತ್ರ ಲೆಕ್ಕಕ್ಕೆ ಎಂಬ ಷರತ್ತಿನ ಮೇಲೆ ಒಪ್ಪಿದರು. ಷರತ್ತು ಕೇಳಿ ಮೊದಲು ಬೇಸರವಾಯಿತು, ಆಮೇಲೆ ಸರಿಯೆನಿಸಿತು.

ಕಷ್ಟವಾದದ್ದು ಮಾಲೀಕರನ್ನು ಒಪ್ಪಿಸುವುದು. ಲೆಕ್ಕವನ್ನು ಕಾಲೇಜಿಗೆ ತೋರಿಸುತ್ತೀಯಾ ಎಂದು ಅವರಿಗೆ ಆತಂಕ. ರೂಪಾಯಿಯ ಬದಲು ಶೇಕಡಾವಾರು ಬರೆಯುತ್ತೇನೆ, ಅಂಗಡಿಯ ಹೆಸರನ್ನು ವರದಿಯ ಒಳಪುಟಗಳಲ್ಲಿ ಹಾಕುವುದಿಲ್ಲ ಎಂದ ಮೇಲೆ ಒಪ್ಪಿದರು. ಹಾಗೆ ಕೂತು ಎಣಿಸಿದಾಗ ಮೇಲಿನ ಅಟ್ಟದಲ್ಲಿ ಬ್ಲೌಸ್ ಪೀಸ್‌ಗಳ ರಾಶಿಯೇ ಸಿಕ್ಕಿತು. ಸೀರೆಗಳಿಗೇ ಬ್ಲೌಸ್ ಬಟ್ಟೆ ಸೇರಿ ಬರುವುದು ಹೆಚ್ಚಾದ ಮೇಲೂ ಬಿಡಿ ಪೀಸ್‌ಗಳನ್ನು ಹಳೆಯ ಅಂದಾಜಿನಲ್ಲೇ ತರಿಸುತ್ತಿದ್ದರು. ಮಾಲೀಕರು ಅದನ್ನು ನೋಡಿ ಏನೂ ಹೇಳಲಿಲ್ಲ, ಮರುದಿನ ಸೂರತ್‌ನ ಏಜೆಂಟರಿಗೆ ಫೋನ್ ಮಾಡಿ ಆ ಆರ್ಡರನ್ನು ಅರ್ಧಕ್ಕೆ ಇಳಿಸಿದರು.

ನಿನ್ನೆ ಲಾಗ್‌ಬುಕ್‌ಗೆ ಸಹಿ ಕೇಳಿದೆ. ಅವರು ಕನ್ನಡಕ ಹಾಕಿಕೊಂಡು ಒಂದೊಂದೇ ದಿನದ ಗಂಟೆಯನ್ನು ಕೂಡಿಸಿದರು. ಒಂದು ಶುಕ್ರವಾರ ಹಬ್ಬವೆಂದು ನಾನು ಬೇಗ ಹೋದದ್ದು ಅವರಿಗೆ ನೆನಪಿತ್ತು. 118 ಎಂದು ಬರೆದು ಪುಸ್ತಕವನ್ನು ನನ್ನ ಕಡೆ ತಳ್ಳಿದರು. ಸೋಮವಾರ ಇನ್ನೆರಡು ಗಂಟೆ ಅಟ್ಟದ ಮೇಲೆ ಎಣಿಸಿ ಬಂದು ಸಹಿ ಹಾಕಿಸಿಕೊಳ್ಳುತ್ತೇನೆ.